ಕಣ್ಣಿಗೆ ಕಾಣದ ಬೆಳಕು ಮತ್ತು ಕಿಟಕಿಯೊಳಗಿನ ಗಿಡ: ಕಲಬುರಗಿಯ ಮನೆಗಳಿಗೊಂದು ಮಾರ್ಗದರ್ಶಿ

ಕಲಬುರಗಿಯಲ್ಲಿ ಬಿಸಿಲಿಗೆ ಬರವಿಲ್ಲ. ಏಪ್ರಿಲ್ ಬಂತೆಂದರೆ ಬೆಳಿಗ್ಗೆ ಹತ್ತಕ್ಕೇ ಕಿಟಕಿ ಮುಚ್ಚಿ, ಪರದೆ ಎಳೆದು, ಕೂಲರ್ ಹಾಕಿಕೊಂಡು ಕೂರುತ್ತೇವೆ. ಹೊರಗೆ ಇಷ್ಟು ಬೆಳಕಿದ್ದರೂ ಒಳಗಿನ ಕುಂಡದಲ್ಲಿ ಮೆಂತ್ಯ ದಾರದಂತೆ ಉದ್ದವಾಗಿ ಅಡ್ಡ ಬೀಳುತ್ತದೆ. ಪುಂಡಿಪಲ್ಯದ ಕೆಂಪು ದಂಟು ದಿನೇ ದಿನೇ ಹಸಿರಾಗುತ್ತದೆ. ತುಳಸಿ ಎಲೆ ಬಿಡುತ್ತದೆ, ಘಮ ಬಿಡುವುದಿಲ್ಲ. ನೀರು ಹೆಚ್ಚಾಯಿತೇ, ಗೊಬ್ಬರ ಕಡಿಮೆಯಾಯಿತೇ ಎಂದು ನಾವು ಕುಂಡದ ಮಣ್ಣನ್ನೇ ಕೆದಕುತ್ತೇವೆ. ಹಲವು ಸಲ ತೊಂದರೆ ಇರುವುದು ಮಣ್ಣಿನಲ್ಲಲ್ಲ, ಬೆಳಕಿನಲ್ಲಿ. ಅದರಲ್ಲೂ ನಮ್ಮ ಕಣ್ಣಿಗೆ ಕಾಣದ ಬೆಳಕಿನಲ್ಲಿ.

ಕೋಣೆ ಬೆಳಕಾಗಿದೆ ಎಂದು ಕಣ್ಣು ಹೇಳಿದ ಮಾತ್ರಕ್ಕೆ ಗಿಡಕ್ಕೆ ಬೇಕಾದ ಬೆಳಕು ಸಿಕ್ಕಿದೆ ಎಂದು ನಂಬಬೇಡಿ. ಬಲ್ಬು ಕೊಳ್ಳುವ ಮೊದಲು ನಿಮ್ಮ ಕಿಟಕಿ ಏನನ್ನು ಒಳಗೆ ಬಿಡುತ್ತದೆ, ಏನನ್ನು ತಡೆಯುತ್ತದೆ ಎಂದು ತಿಳಿದುಕೊಳ್ಳಿ. ಅದಕ್ಕೆ ಬೇಕಾದ ಸಾಮಾನು ಮನೆಯಲ್ಲೇ ಇದೆ.

ಮೊದಲು ಮೂರು ಹೆಸರುಗಳು

ಬೆಳಕಿನ ತರಂಗಾಂತರವನ್ನು ನ್ಯಾನೊಮೀಟರ್ ಲೆಕ್ಕದಲ್ಲಿ ಹೇಳುತ್ತಾರೆ. ಸುಮಾರು 400ರಿಂದ 700ರವರೆಗಿನದು ನಮಗೆ ಚೆನ್ನಾಗಿ ಕಾಣುವ ಬೆಳಕು. ಗಿಡ ಅಡುಗೆ ಮಾಡಿಕೊಳ್ಳುವುದು, ಅಂದರೆ ದ್ಯುತಿಸಂಶ್ಲೇಷಣೆ ನಡೆಸುವುದು, ಹೆಚ್ಚಾಗಿ ಇದರಲ್ಲೇ.

400ಕ್ಕಿಂತ ಕೆಳಗಿನದು ನೇರಳಾತೀತ. ಇದರಲ್ಲಿ 315ರಿಂದ 400ರವರೆಗೆ ಎ, 280ರಿಂದ 315ರವರೆಗೆ ಬಿ, ಅದಕ್ಕೂ ಕೆಳಗೆ ಸಿ ಎಂದು ಮೂರು ಪಾಲು. ಸೂರ್ಯನ ಸಿ ಪಾಲನ್ನು ವಾತಾವರಣವೇ ತಡೆಯುತ್ತದೆ. 700 ದಾಟಿದ ಮೇಲೆ ಬರುವುದು ಅವಕೆಂಪು. ಆದರೆ 700ರಿಂದ 750ರ ಆಸುಪಾಸಿನ ಕಿರುಪಟ್ಟಿಯೊಂದನ್ನು ಗಿಡದ ವಿಷಯದಲ್ಲಿ ಬೇರೆಯಾಗಿಯೇ ನೋಡಬೇಕು. ಅದು ನಮಗೆ ಕಂಡೂ ಕಾಣದಂತಿರುವ ಮಬ್ಬು ಕೆಂಪು. ವಿಜ್ಞಾನಿಗಳು ಫಾರ್ ರೆಡ್ ಎನ್ನುತ್ತಾರೆ, ನಾನು ಇಲ್ಲಿ ಅಂಚುಗೆಂಪು ಎನ್ನುತ್ತೇನೆ.

ನೇರಳಾತೀತ ಮತ್ತು ಅಂಚುಗೆಂಪು ಗಿಡಕ್ಕೆ ಮುಖ್ಯವಾಗಿ ಸುದ್ದಿ ತರುತ್ತವೆ. ‘ಮೇಲೆ ಬಯಲಿದೆ, ಬಿಸಿಲು ಕಟುವಾಗಿದೆ, ಮೈ ಗಟ್ಟಿ ಮಾಡಿಕೋ’ ಎಂಬುದು ನೇರಳಾತೀತದ ಸುದ್ದಿ. ‘ಪಕ್ಕದಲ್ಲಿ ಇನ್ನೊಂದು ಗಿಡ ನಿಂತಿದೆ, ಬೇಗ ಎತ್ತರಕ್ಕೆ ಹೋಗು’ ಎಂಬುದು ಅಂಚುಗೆಂಪಿನದು. ಉಳಿದ ಅವಕೆಂಪು ತರುವುದು ಬರೀ ಕಾವು.

ಹೆಜ್ಜೆ 1: ಕಿಟಕಿಯನ್ನು ಪರೀಕ್ಷಿಸಿ

ಸಾಧಾರಣ ಕಿಟಕಿ ಗಾಜು ನೇರಳಾತೀತ ಬಿ ಕಿರಣವನ್ನು ಹೆಚ್ಚೂಕಡಿಮೆ ಪೂರ್ತಿ ತಡೆಯುತ್ತದೆ. ಎ ಕಿರಣದ ಬಹುಪಾಲನ್ನು ಒಳಗೆ ಬಿಡುತ್ತದೆ. ನಡುವೆ ಪ್ಲಾಸ್ಟಿಕ್ ಪದರ ಇರುವ ಎರಡು ಹಾಳೆಯ ಗಾಜು, ಪಾಲಿಕಾರ್ಬೊನೇಟ್ ಹಾಳೆ, ಗಾಜಿನ ಮೇಲೆ ಅಂಟಿಸುವ ಬಿಸಿಲು ತಡೆ ಫಿಲ್ಮ್ ಇವು ಎ ಕಿರಣವನ್ನೂ ಬಹುಮಟ್ಟಿಗೆ ತಡೆಯುತ್ತವೆ. ನಿಮ್ಮದು ಯಾವುದು ಎಂದು ಹೀಗೆ ನೋಡಬಹುದು.

ಕಳ್ಳನೋಟು ಪತ್ತೆಗೆ ಅಂಗಡಿಯವರು ಬಳಸುವ ನೇರಳೆ ಟಾರ್ಚ್ ಒಂದನ್ನು ತನ್ನಿ. 365 ನ್ಯಾನೊಮೀಟರ್ ಎಂದು ಬರೆದದ್ದು ಸಿಕ್ಕರೆ ಒಳ್ಳೆಯದು. 395ರದ್ದರಲ್ಲಿ ಕಾಣುವ ನೇರಳೆ ಬೆಳಕೂ ಬೆರೆತಿರುತ್ತದೆ. ರಾತ್ರಿ ದೀಪ ಆರಿಸಿ, ಒಂದು ನೋಟಿನ ಮೇಲೆ ನೇರವಾಗಿ ಬಿಡಿ. ಕಾಗದದೊಳಗಿನ ಸಣ್ಣ ನಾರೆಳೆಗಳು ಹೊಳೆಯುತ್ತವೆ. ಈಗ ನೋಟನ್ನು ಕಿಟಕಿ ಗಾಜಿನ ಆಚೆ ಹಿಡಿಯಲು ಒಬ್ಬರಿಗೆ ಹೇಳಿ, ನೀವು ಈಚೆಯಿಂದ ಬೆಳಕು ಬಿಡಿ. ಎಳೆಗಳು ಹಾಗೆಯೇ ಹೊಳೆದರೆ ಎ ಕಿರಣ ದಾಟುತ್ತಿದೆ. ಹೊಳಪು ಮಾಯವಾದರೆ ನಿಮ್ಮ ಕಿಟಕಿ ಅದನ್ನು ನುಂಗುತ್ತಿದೆ. ಟಾರ್ಚನ್ನು ಯಾರ ಕಣ್ಣಿಗೂ ಬಿಡಬೇಡಿ, ಮಕ್ಕಳ ಕೈಗೆ ಕೊಡಬೇಡಿ.

ಟಾರ್ಚ್ ಕೈಯಲ್ಲಿರುವಾಗಲೇ ಇನ್ನೊಂದನ್ನು ನೋಡಿಬಿಡಿ. ನಾಲ್ಕು ಪಾಲಕ್ ಎಲೆ ಜಜ್ಜಿ, ಸಣ್ಣ ಗಾಜಿನ ಬಾಟಲಿಯಲ್ಲಿ ಸರ್ಜಿಕಲ್ ಸ್ಪಿರಿಟ್ ಹಾಕಿ ನೆನೆಸಿ. ಅರ್ಧ ಗಂಟೆಯಲ್ಲಿ ಸ್ಪಿರಿಟ್ ಕಡುಹಸಿರಾಗುತ್ತದೆ. ಸೋಸಿ, ಕತ್ತಲಲ್ಲಿ ಟಾರ್ಚ್ ಬಿಡಿ. ಹಸಿರು ನೀರು ರಕ್ತದಂತೆ ಕೆಂಪಗೆ ಹೊಳೆಯುತ್ತದೆ. ಎಲೆಯ ಪತ್ರಹರಿತ್ತು ಆ ಬೆಳಕನ್ನು ಹೀರಿ, ಅಡುಗೆಗೆ ದಾರಿ ಇಲ್ಲದ್ದರಿಂದ ಒಂದಿಷ್ಟನ್ನು ಕೆಂಪಾಗಿ ಹೊರಬಿಡುತ್ತಿದೆ. ಮೊದಲ ಸಲ ನೋಡಿದ ದಿನ ನಾನು ಆ ಬಾಟಲಿಯನ್ನು ಮನೆಯವರಿಗೆಲ್ಲ ಒಬ್ಬೊಬ್ಬರಾಗಿ ತೋರಿಸಿದ್ದೆ. ಸ್ಪಿರಿಟ್‌ಗೆ ಬೆಂಕಿ ಬೇಗ ತಗಲುತ್ತದೆ, ಒಲೆಯಿಂದ ದೂರ ಮಾಡಿ.

ಪರೀಕ್ಷೆಯಿಂದ ಏನು ತಿಳಿಯಬೇಕು? ಗಿಡ ಬದುಕಲು ನೇರಳಾತೀತ ಬೇಕೇ ಬೇಕು ಎಂದೇನಿಲ್ಲ. ಮನಿ ಪ್ಲಾಂಟ್ ಅದಿಲ್ಲದೆಯೂ ವರ್ಷಗಟ್ಟಲೆ ಬೆಳೆಯುತ್ತದೆ. ಆದರೆ ಬಣ್ಣ, ಘಮ, ಗಟ್ಟಿತನ ಇವು ಅದರ ಸುದ್ದಿ ಸಿಕ್ಕಾಗ ಚೆನ್ನಾಗಿ ಬರುತ್ತವೆ. ಬಿ ಕಿರಣವನ್ನು ಗುರುತಿಸಲು ಗಿಡದ ಕೋಶಗಳಲ್ಲಿ ಯುವಿಆರ್8 ಎಂಬ ಪ್ರೋಟೀನ್ ಇದೆ. ಕಿರಣ ತಗಲಿದಾಗ ಅದು ಎದ್ದು, ಎಲೆಯ ಮೇಲ್ಪದರದಲ್ಲಿ ಬಿಸಿಲು ತಡೆಯುವ ಫ್ಲೇವೊನಾಯ್ಡ್ ಸಂಯುಕ್ತಗಳು ತಯಾರಾಗುವಂತೆ ಮಾಡುತ್ತದೆ. ಪುಂಡಿ ದಂಟಿನ ಕೆಂಪಿಗೆ ಕಾರಣವಾದ ಆಂಥೊಸಯಾನಿನ್ ಕೂಡ ಇದೇ ಬಳಗದ್ದು. ಬಿಸಿಲು ಚುರುಕಾದಷ್ಟು ಅದು ಕೂಡುತ್ತದೆ.

ತುಳಸಿಯ ಹತ್ತಿರದ ಬಂಧುವಾದ ಕಾಮಕಸ್ತೂರಿಯಲ್ಲಿ ಎಲೆಯ ಎಣ್ಣೆಗ್ರಂಥಿಗಳು ಸರಿಯಾಗಿ ತುಂಬಿಕೊಳ್ಳಲು ಬಿ ಕಿರಣ ನೆರವಾಗುತ್ತದೆ ಎಂದು ಪ್ರಯೋಗಗಳಲ್ಲಿ ಕಂಡಿದೆ. ಇದನ್ನು ಓದಿದಾಗ ನನಗೆ ನಮ್ಮ ಅತ್ತೆಯ ಮಾತು ನೆನಪಾಯಿತು. ಹೊಸ ಮನೆಗೆ ಬಂದ ವರ್ಷ ನಾನು ತುಳಸಿಯನ್ನು ಹಾಲ್‌ನ ಗಾಜಿನ ಕಿಟಕಿಯ ಒಳಗಿಟ್ಟಿದ್ದೆ. ಅವರು ಒಂದು ಎಲೆ ಚಿವುಟಿ ಮೂಸಿ, “ತುಳಸಿ ಅಂಗಳದ ಗಿಡವಮ್ಮಾ, ಒಳಗಿಟ್ಟರೆ ಅದರ ಗುಣ ಇಳಿಯುತ್ತದೆ” ಎಂದಿದ್ದರು. ಕುಂಡವನ್ನು ಹೊರಗಿನ ಕಟ್ಟೆಗೆ ಸಾಗಿಸಿದ ಮೇಲೆ ಬಂದ ಹೊಸ ಎಲೆಗಳನ್ನು ಮೂಸಿದಾಗ ಅವರು ಹೇಳಿದ್ದೇ ನಿಜವಾಯಿತು.

ಹಾಗಾಗಿ ಘಮದ ಗಿಡ, ಬಣ್ಣದ ಗಿಡಗಳಿಗೆ ಮಾಡಬೇಕಾದದ್ದು ಸುಲಭ: ಬೆಳಿಗ್ಗೆ ಒಂದೆರಡು ಗಂಟೆ ಗಾಜಿನ ಪಲ್ಲೆಯನ್ನು ತೆರೆದಿಡಿ. ಗಾಜಿಲ್ಲದ ಸೊಳ್ಳೆ ಜಾಲರಿಯ ಮೂಲಕ ಬಿಸಿಲು ಬಿದ್ದರೂ ಆದೀತು. ಜಾಲರಿಯ ತೂತುಗಳು ಬೆಳಕನ್ನು ಕಡಿಮೆ ಮಾಡುತ್ತವೆ, ಅದರ ಗುಣವನ್ನು ಬದಲಿಸುವುದಿಲ್ಲ. ಹಳೆಯ ಮಾಳಿಗೆ ಮನೆಯವರು ಅದೃಷ್ಟವಂತರು. ಮೇಲಿನ ಬೆಳಕಿಂಡಿ ತೆರೆದಿದ್ದರೆ ಅಲ್ಲಿಂದ ಬೀಳುವುದು ಏನೂ ಕಳೆದುಕೊಳ್ಳದ ಬಿಸಿಲು. ಅದಕ್ಕೆ ಪಾಲಿಕಾರ್ಬೊನೇಟ್ ಹಾಳೆ ಮುಚ್ಚಿಸಿದ್ದರೆ ಕಣ್ಣಿಗೆ ಅಷ್ಟೇ ಬೆಳಕು ಕಂಡರೂ ನೇರಳಾತೀತದ ಪಾಲು ನಿಂತುಹೋಗಿರುತ್ತದೆ.

ಹೆಜ್ಜೆ 2: ನೆರಳು ಗೋಡೆಯದೋ, ಮರದ್ದೋ?

ಈ ಹೆಜ್ಜೆಗೆ ನಾನು ಹೆಚ್ಚು ಜಾಗ ಕೊಡುತ್ತೇನೆ, ಏಕೆಂದರೆ ನಮ್ಮ ಊರಿನ ಕಿಟಕಿಗಳ ಮುಂದೆ ಬೇವಿನ ಮರಗಳು ಬಹಳ.

ಹಸಿರೆಲೆ ತನ್ನ ಮೇಲೆ ಬಿದ್ದ ಕೆಂಪು ಮತ್ತು ನೀಲಿಯನ್ನು ಹೆಚ್ಚೂಕಡಿಮೆ ಪೂರ್ತಿ ಹೀರುತ್ತದೆ. ಅಂಚುಗೆಂಪನ್ನು ಮಾತ್ರ ಮುಟ್ಟುವುದೇ ಇಲ್ಲ ಎನ್ನುವಷ್ಟು ಕಡಿಮೆ ಹೀರಿ, ಉಳಿದದ್ದನ್ನು ಅತ್ತಿತ್ತ ಚೆಲ್ಲುತ್ತದೆ, ಕೆಳಗೆ ಸೋರಲು ಬಿಡುತ್ತದೆ. ಆದ್ದರಿಂದ ಮರದ ನೆರಳಿನಲ್ಲಿ ಕೆಂಪು ಸೊರಗಿ ಅಂಚುಗೆಂಪು ಉಕ್ಕುತ್ತಿರುತ್ತದೆ. ಗೋಡೆಯ ನೆರಳು ಹಾಗಲ್ಲ. ಅಲ್ಲಿಗೆ ಬರುವುದು ತೆರೆದ ಆಕಾಶದ ಬೆಳಕು. ಕಡಿಮೆ ಇರಬಹುದು, ಕೆಂಪು ಮತ್ತು ಅಂಚುಗೆಂಪಿನ ಹದ ಕೆಟ್ಟಿರುವುದಿಲ್ಲ.

ಗಿಡ ಈ ಹದವನ್ನು ಅಳೆಯುವುದು ಫೈಟೋಕ್ರೋಮ್ ಎಂಬ ವರ್ಣಕದಿಂದ. ಅದಕ್ಕೆ ಎರಡು ರೂಪ. ಒಂದು ರೂಪ 660 ನ್ಯಾನೊಮೀಟರ್ ಸುತ್ತಲಿನ ಕೆಂಪನ್ನು ಹೀರಿ ಎಚ್ಚರದ ರೂಪಕ್ಕೆ ತಿರುಗುತ್ತದೆ. ಅದು 730ರ ಸುತ್ತಲಿನ ಅಂಚುಗೆಂಪನ್ನು ಹೀರಿದರೆ ಮತ್ತೆ ನಿದ್ದೆಯ ರೂಪಕ್ಕೆ ಮರಳುತ್ತದೆ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಬೆಲ್ಟ್ಸ್‌ವಿಲ್‌ನ ಸರ್ಕಾರಿ ಕೃಷಿ ಸಂಶೋಧನಾ ಕೇಂದ್ರದಲ್ಲಿ ಹ್ಯಾರಿ ಬೋರ್ಥ್‌ವಿಕ್, ಸ್ಟರ್ಲಿಂಗ್ ಹೆಂಡ್ರಿಕ್ಸ್ ಮತ್ತು ಸಂಗಡಿಗರು 1952ರಲ್ಲಿ ಲೆಟ್ಯೂಸ್ ಬೀಜದ ಮೇಲೆ ಈ ಆಟವನ್ನು ತೋರಿಸಿದರು. ಕೆಂಪು, ಅಂಚುಗೆಂಪು, ಮತ್ತೆ ಕೆಂಪು, ಹೀಗೆ ಎಷ್ಟು ಸಲ ಬದಲಿಸಿ ಬೆಳಕು ಕೊಟ್ಟರೂ ಕೊನೆಯದು ಕೆಂಪಾಗಿದ್ದರೆ ಬೀಜ ಮೊಳೆಯಿತು, ಅಂಚುಗೆಂಪಾಗಿದ್ದರೆ ಸುಮ್ಮನಿತ್ತು. (ಲೆಟ್ಯೂಸ್ ಬಿತ್ತುವವರು ಬೀಜವನ್ನು ಆಳಕ್ಕೆ ಹೂಳಬಾರದು ಎಂಬುದಕ್ಕೆ ಇದೇ ಕಾರಣ. ಮಣ್ಣಿನ ಮೇಲೆ ಉದುರಿಸಿ, ಅಂಗೈಯಿಂದ ಒತ್ತಿದರೆ ಸಾಕು.)

ಎಲೆ ಕಾಣದ ಬೆಳಕನ್ನು ಹೇಗೆ ಸೋರಬಿಡುತ್ತದೆ ಎಂದು ಕಣ್ಣಾರೆ ನೋಡಬೇಕೇ? ಟಿವಿ ರಿಮೋಟ್ ತೆಗೆದುಕೊಳ್ಳಿ. ಅದರ ಮೂತಿಯನ್ನು ಮೊಬೈಲಿನ ಮುಂಬದಿಯ ಕ್ಯಾಮೆರಾಕ್ಕೆ ಹಿಡಿದು ಗುಂಡಿ ಒತ್ತಿ. ಬರಿಗಣ್ಣಿಗೆ ಏನೂ ಇಲ್ಲ, ಪರದೆಯಲ್ಲಿ ಮಾತ್ರ ಬಿಳಿ ನೇರಳೆಯ ಚುಕ್ಕೆ ಮಿನುಗುತ್ತದೆ. ಅದು ಅವಕೆಂಪು. ಹಿಂಬದಿಯ ಕ್ಯಾಮೆರಾದಲ್ಲಿ ಅದನ್ನು ತಡೆಯುವ ಸೋಸುಗ ಇರುವುದೇ ಹೆಚ್ಚು, ಅದಕ್ಕೇ ಮುಂಬದಿಯದು. ಈಗ ರಿಮೋಟ್‌ನ ಮೂತಿಗೆ ಒಂದು ದಪ್ಪ ವೀಳ್ಯದೆಲೆ ಅಡ್ಡ ಹಿಡಿದು ಒತ್ತಿ. ಚುಕ್ಕೆ ಮಸುಕಾಗಿ ಹರಡಿಕೊಂಡರೂ ಕಾಣುತ್ತಲೇ ಇರುತ್ತದೆ. ರಿಮೋಟ್‌ನ ಬೆಳಕು ಅಂಚುಗೆಂಪಿಗಿಂತ ಇನ್ನೂ ಆಚೆಯದು, ಆದರೆ ಎಲೆ ಎರಡರೊಡನೆಯೂ ಹೆಚ್ಚು ಕಡಿಮೆ ಹೀಗೆಯೇ ನಡೆದುಕೊಳ್ಳುತ್ತದೆ. ನಮಗೆ ಕಡುನೆರಳು ಎನಿಸುವ ಬೇವಿನ ಬುಡ ಈ ಬೆಳಕಿಗೆ ನೆರಳೇ ಅಲ್ಲ.

ಮೆಂತ್ಯದ ಸಸಿ ಇದನ್ನು ಓದುವ ರೀತಿ ಹೀಗೆ: ಕೆಂಪು ಕಡಿಮೆ, ಅಂಚುಗೆಂಪು ಹೆಚ್ಚು, ಅಂದರೆ ತಲೆಯ ಮೇಲೆ ಯಾರೋ ಇದ್ದಾರೆ. ಎಲೆ ಬಿಡುವ ಶಕ್ತಿಯನ್ನೆಲ್ಲ ಕಾಂಡಕ್ಕೆ ಸುರಿದು ಮೇಲೆ ಓಡುತ್ತದೆ. ಗಿಣ್ಣಿನಿಂದ ಗಿಣ್ಣಿಗೆ ದೂರ ಹೆಚ್ಚುತ್ತದೆ, ಎಲೆ ತೆಳುವಾಗುತ್ತದೆ, ಕೊನೆಗೆ ತನ್ನ ಭಾರ ತಾನೇ ಹೊರಲಾರದೆ ಬಾಗುತ್ತದೆ. ಆಗ ಗೊಬ್ಬರ ಹಾಕಿದರೆ ಇನ್ನಷ್ಟು ಉದ್ದವಾಗುತ್ತದೆಯೇ ಹೊರತು ಗಟ್ಟಿಯಾಗುವುದಿಲ್ಲ.

ಪರಿಹಾರ ಹೀಗೆ ಮಾಡಿ. ಬೇವು, ಹೊಂಗೆ ಅಥವಾ ಬಳ್ಳಿ ಮುಚ್ಚಿದ ಕಿಟಕಿಯಿಂದ ಸೊಪ್ಪಿನ ಕುಂಡವನ್ನು ತೆಗೆದು, ಪಕ್ಕದ ಕಟ್ಟಡದ ಗೋಡೆ ಕಾಣುವ ಕಿಟಕಿಗಾದರೂ ಇಡಿ. ಗೋಡೆಗೆ ಸುಣ್ಣ ಬಳಿದಿದ್ದರೆ ಇನ್ನೂ ಒಳ್ಳೆಯದು. ಕುಂಡಗಳನ್ನು ಒತ್ತೊತ್ತಾಗಿ ಇಡಬೇಡಿ, ಏಕೆಂದರೆ ಪಕ್ಕದ ಗಿಡದ ಎಲೆಯಿಂದ ಚಿಮ್ಮುವ ಅಂಚುಗೆಂಪೂ ಇದೇ ಸುದ್ದಿ ಹೇಳುತ್ತದೆ. ಸಸಿಗಳನ್ನು ತೆಳುಗೊಳಿಸಿ. ಜಾಗ ಬದಲಿಸಲು ಆಗದಿದ್ದರೆ ಬಿಳಿ ಎಲ್‌ಇಡಿ ದೀಪವೊಂದನ್ನು ಹತ್ತಿರ ತನ್ನಿ. ಅದರಲ್ಲಿ ಕೆಂಪಿದೆ, ಅಂಚುಗೆಂಪು ತೀರಾ ಕಡಿಮೆ. ಹದ ತಾನಾಗಿ ಸರಿಹೋಗುತ್ತದೆ.

ಅಂಚುಗೆಂಪು ಕೆಟ್ಟದ್ದೆಂದು ತಿಳಿಯಬೇಡಿ. 680 ನ್ಯಾನೊಮೀಟರ್ ದಾಟಿದ ಬೆಳಕು ಒಂಟಿಯಾಗಿ ಬಿದ್ದಾಗ ಎಲೆ ಅದನ್ನು ಸರಿಯಾಗಿ ಬಳಸಲಾರದು. ಜೊತೆಗೆ ಗಿಡ್ಡ ತರಂಗದ ಬೆಳಕೂ ಇದ್ದರೆ ಎರಡೂ ಕೂಡಿ ಹೆಚ್ಚು ಅಡುಗೆ ಮಾಡುತ್ತವೆ. ಅಮೆರಿಕದ ವಿಜ್ಞಾನಿ ರಾಬರ್ಟ್ ಎಮರ್ಸನ್ 1957ರಲ್ಲಿ ಇದನ್ನು ಕಂಡುಕೊಂಡ. ತೆರೆದ ಬಿಸಿಲಿನಲ್ಲಿ ಎರಡೂ ಹದವಾಗಿ ಇರುತ್ತವೆ.

ಹೆಜ್ಜೆ 3: ದೀಪ ಕೊಳ್ಳುವಾಗ

ಮನೆಗೆ ಹಾಕುವ ಸಾಮಾನ್ಯ ಬಿಳಿ ಎಲ್‌ಇಡಿ ಟ್ಯೂಬ್ ಸೊಪ್ಪಿಗೆ ಸಾಕು. ಎಲೆಗಳಿಂದ 20ರಿಂದ 30 ಸೆಂಟಿಮೀಟರ್ ಮೇಲೆ ತೂಗುಹಾಕಿ, ದಿನಕ್ಕೆ 12ರಿಂದ 14 ಗಂಟೆ ಉರಿಸಿ. 20 ವ್ಯಾಟ್‌ನ ಒಂದು ಟ್ಯೂಬ್ 14 ಗಂಟೆಗೆ 0.28 ಯೂನಿಟ್, ತಿಂಗಳಿಗೆ 8.4 ಯೂನಿಟ್ ವಿದ್ಯುತ್ ತಿನ್ನುತ್ತದೆ. ಚಾವಣಿಯಲ್ಲಿರುವ ದೀಪ ಗಿಡಕ್ಕೆ ಲೆಕ್ಕಕ್ಕಿಲ್ಲ. ದೂರ ಹೋದಂತೆ ಬೆಳಕು ಬೇಗ ಸೊರಗುತ್ತದೆ.

ಗಿಡಕ್ಕೆಂದೇ ಮಾರುವ ನೇರಳೆ ಬಣ್ಣದ ಹಲಗೆಗಳಲ್ಲಿ ‘ಯುವಿ, ಐಆರ್ ಇದೆ’ (ಅಂದರೆ ನೇರಳಾತೀತ, ಅವಕೆಂಪು ಇದೆ) ಎಂದು ಬೆಲೆ ಹೆಚ್ಚಿಸಿರುತ್ತಾರೆ. ಅದರಲ್ಲಿ ಒಂದೆರಡು ಚುಕ್ಕೆಗಳು ಉರಿಯದೆ ಸತ್ತಂತೆ ಕಂಡರೆ ಅಂಗಡಿಗೆ ಓಡಬೇಡಿ, ಅವು 730ರ ಅಂಚುಗೆಂಪಿನವು ಇರಬಹುದು. ಆದರೆ ಒಂದೆರಡು ಚುಕ್ಕೆಗಾಗಿ ಹೆಚ್ಚು ಹಣ ಕೊಡುವುದನ್ನು ನಾನು ಒಪ್ಪುವುದಿಲ್ಲ. ಹಳೆಯ ತಂತಿಯ ಗುಂಡು ಬಲ್ಬು ಬೇಡವೇ ಬೇಡ. ಅದು ತಿನ್ನುವ ವಿದ್ಯುತ್ತಿನ ಬಹುಪಾಲು ಕಾವಾಗಿ ಹೋಗುತ್ತದೆ, ಅಂಚುಗೆಂಪು ಹೆಚ್ಚಿರುವುದರಿಂದ ಸಸಿಯೂ ಉದ್ದವಾಗುತ್ತದೆ.

ಕ್ರಿಮಿ ಕೊಲ್ಲಲು ಬಳಸುವ ಯುವಿ ಸಿ ದೀಪವನ್ನು ಗಿಡಕ್ಕೆ ಎಂದೂ ಹಾಕಬೇಡಿ. 254 ನ್ಯಾನೊಮೀಟರ್‌ನ ಆ ಕಿರಣ ಎಲೆಯನ್ನು ಸುಡುತ್ತದೆ. ಕಣ್ಣಿನ ಮೇಲ್ಪೊರೆಗೂ ಚರ್ಮಕ್ಕೂ ಗಾಯ ಮಾಡುತ್ತದೆ, ಮಾಡಿದ್ದು ಕೆಲವು ಗಂಟೆ ಕಳೆದ ಮೇಲೆ ಗೊತ್ತಾಗುತ್ತದೆ.

ಹೆಜ್ಜೆ 4: ಕಾವನ್ನು ಬೇರೆ ಮಾಡಿ

ನೆಲ ಮುಟ್ಟುವ ಬಿಸಿಲಿನ ಶಕ್ತಿಯಲ್ಲಿ ಸುಮಾರು ಅರ್ಧ ಅವಕೆಂಪು. 1800ರಲ್ಲಿ ಖಗೋಳ ವಿಜ್ಞಾನಿ ವಿಲಿಯಂ ಹರ್ಷೆಲ್ ಪಟ್ಟಕದಿಂದ ಬಿದ್ದ ಬಣ್ಣಗಳಲ್ಲಿ ಕೆಂಪಿನ ಆಚೆ, ಏನೂ ಕಾಣದ ಕಡೆ ಉಷ್ಣಮಾಪಕ ಇಟ್ಟಾಗ ಪಾದರಸ ಏರಿದ್ದು ಇದರಿಂದಲೇ. ಗಾಜು ಇದರ ದೊಡ್ಡ ಪಾಲನ್ನು ಒಳಗೆ ಬಿಡುತ್ತದೆ. ಬಿಸಿಯಾದ ವಸ್ತುಗಳಿಂದ ಮರಳಿ ಹೊರಡುವ ಉದ್ದ ತರಂಗದ ಕಾವನ್ನು ಮಾತ್ರ ಹೊರಗೆ ಹೋಗಲು ಬಿಡುವುದಿಲ್ಲ. ಹೀಗಾಗಿ ಮೇ ತಿಂಗಳ ಮಧ್ಯಾಹ್ನ ಪಶ್ಚಿಮದ ಕಿಟಕಿಯ ಗೂಡು ಒಲೆಯಾಗುತ್ತದೆ.

ನಮ್ಮಲ್ಲಿ ಕಿಟಕಿಯ ಕೆಳಪಟ್ಟಿ ಸಾಮಾನ್ಯವಾಗಿ ಶಹಾಬಾದ್ ಕಲ್ಲಿನದು. ಒಮ್ಮೆ ಸಂಜೆ ಏಳಕ್ಕೆ ಅದರ ಮೇಲೆ ಅಂಗೈ ಇಟ್ಟು ನೋಡಿ. ಹೊತ್ತು ಮುಳುಗಿದ ಮೇಲೂ ಕಲ್ಲು ಬಿಸಿಯಾಗಿರುತ್ತದೆ. ಅದರ ಮೇಲಿಟ್ಟ ಕಪ್ಪು ಪ್ಲಾಸ್ಟಿಕ್ ಕುಂಡದಲ್ಲಿ ಬೇರು ಬೇಯುತ್ತದೆ. ಎಲೆ ಬಾಡಿತೆಂದು ನಾವು ನೀರು ಸುರಿಯುತ್ತೇವೆ, ಬೆಂದ ಬೇರು ಆ ನೀರಿನಲ್ಲಿ ಕೊಳೆಯುತ್ತದೆ. ನನ್ನ ಎರಡು ಪುದೀನ ಕುಂಡಗಳು ಹೋದದ್ದು ಹೀಗೆ.

ಕುಂಡದ ಕೆಳಗೆ ಮರದ ಹಲಗೆ ಅಥವಾ ಎರಡು ಇಟ್ಟಿಗೆ ಇಟ್ಟು ಗಾಳಿಯಾಡಲು ಬಿಡಿ. ಮಣ್ಣಿನ ಕುಂಡ ಬಳಸಿ, ಹೊರಮೈಗೆ ಸುಣ್ಣ ಬಳಿಯಿರಿ. ಹನ್ನೊಂದರಿಂದ ನಾಲ್ಕರವರೆಗೆ ತೆಳು ಬಿಳಿ ಹತ್ತಿಬಟ್ಟೆ ಎಳೆಯಿರಿ. ದಪ್ಪ ಕಪ್ಪು ಪರದೆ ಎಳೆದರೆ ಕಾವಿನ ಜೊತೆ ಬೇಕಾದ ಬೆಳಕೂ ಹೋಗುತ್ತದೆ.

ಸೂರ್ಯನ ಓಟವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಕಲಬುರಗಿ ಇರುವುದು ಸುಮಾರು 17.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಎರಡನೇ ವಾರದ ಹೊತ್ತಿಗೆ ಮಧ್ಯಾಹ್ನದ ಸೂರ್ಯ ನೆತ್ತಿಗೆ ಬಂದು, ಅಲ್ಲಿಂದ ಆಗಸ್ಟ್ ಮೊದಲ ವಾರದವರೆಗೆ ನೆತ್ತಿಯ ಉತ್ತರಕ್ಕೇ ಇರುತ್ತದೆ. ಆ ತಿಂಗಳುಗಳಲ್ಲಿ ಉತ್ತರದ ಕಿಟಕಿಗೂ ಬೆಳಿಗ್ಗೆ ಸಂಜೆ ಓರೆ ಬಿಸಿಲು ಸಿಗುತ್ತದೆ, ದಕ್ಷಿಣದ ಕಿಟಕಿಗೆ ನೇರ ಬಿಸಿಲಿಲ್ಲ. ಡಿಸೆಂಬರಿನಲ್ಲಿ ಸೂರ್ಯ ಮಧ್ಯಾಹ್ನವೂ ಸುಮಾರು 49 ಡಿಗ್ರಿಗಿಂತ ಮೇಲೇರುವುದಿಲ್ಲ. ದಕ್ಷಿಣದ ಕಿಟಕಿಯಿಂದ ಬಿಸಿಲು ಕೋಣೆಯೊಳಗೆ ಬಹುದೂರ ಬರುತ್ತದೆ. ವರ್ಷಕ್ಕೆ ಎರಡು ಸಲ ಕುಂಡಗಳ ಜಾಗ ಅದಲುಬದಲು ಮಾಡಿ.

ಹೆಜ್ಜೆ 5: ಕತ್ತಲೆಯನ್ನೂ ಕೊಡಿ

ಎಚ್ಚರದ ರೂಪದ ಫೈಟೋಕ್ರೋಮ್ ಕತ್ತಲಲ್ಲಿ ಮೆಲ್ಲಗೆ ಇಳಿಯುತ್ತದೆ. ಇರುಳು ಎಷ್ಟು ಉದ್ದ ಎಂದು ಗಿಡಕ್ಕೆ ಗೊತ್ತಾಗುವುದರಲ್ಲಿ ಇದರ ಪಾತ್ರ ದೊಡ್ಡದು. ನಮ್ಮ ಹೊಲಗಳ ದೀರ್ಘಾವಧಿ ತೊಗರಿ ಇರುಳು ಉದ್ದವಾದಾಗ ಹೂ ಬಿಡುವ ಗಿಡ, ಸೇವಂತಿಗೆಯೂ ಹಾಗೆಯೇ. ಮಗಳ ಶಾಲೆಯ ಕೆಲಸಕ್ಕೆಂದು ಒಂದು ವರ್ಷ ಹಾಲ್‌ನಲ್ಲಿ ಕುಂಡದಲ್ಲಿ ತೊಗರಿ ಬೆಳೆಸಿದ್ದೆವು. ದೀಪಾವಳಿಯ ಹೊತ್ತಿಗೆ ಊರಾಚೆಯ ಹೊಲಗಳೆಲ್ಲ ಹಳದಿ ಹೂವಾಗಿದ್ದವು, ನಮ್ಮದು ಬರೀ ಎಲೆ. ಹಾಲ್‌ನ ಟ್ಯೂಬ್‌ಲೈಟ್ ರಾತ್ರಿ ಹನ್ನೊಂದರವರೆಗೆ ಉರಿಯುತ್ತಿತ್ತು. ಗಿಡದ ಪಾಲಿಗೆ ಇನ್ನೂ ಆಷಾಢವೇ ನಡೆದಿತ್ತು. ಸಂಜೆ ಆರಕ್ಕೆ ಫ್ರಿಜ್‌ನ ಖಾಲಿ ರಟ್ಟಿನ ಪೆಟ್ಟಿಗೆ ಬೋರಲು ಹಾಕಿ, ಬೆಳಿಗ್ಗೆ ಆರೂವರೆಗೆ ತೆಗೆಯುತ್ತಾ ಬಂದೆವು. ತಿಂಗಳು ಕಳೆಯುವಷ್ಟರಲ್ಲಿ ತುದಿಯಲ್ಲಿ ಮೊಗ್ಗು ಕಂಡಿತು.

ಹೂವಿನ ಗಿಡ ಒಳಗಿದ್ದರೆ ನೀವೂ ಹೀಗೆ ಮಾಡಬಹುದು. ನಡುರಾತ್ರಿ ಎದ್ದು ಪೆಟ್ಟಿಗೆ ಎತ್ತಿ ದೀಪ ಹಾಕಿ ನೋಡಬೇಡಿ, ಸ್ವಲ್ಪ ಹೊತ್ತಿನ ಕೆಂಪು ಬೆಳಕೂ ಇರುಳನ್ನು ತುಂಡರಿಸುತ್ತದೆ. ಸೊಪ್ಪಿನ ಗಿಡಕ್ಕೆ ಈ ಚಿಂತೆ ಬೇಡ.

ಹೆಜ್ಜೆ 6: ಹೊರಗೆ ಒಯ್ಯುವಾಗ ಅವಸರ ಮಾಡಬೇಡಿ

ಗಾಜಿನ ಹಿಂದೆ ಬೆಳೆದ ಎಲೆಗೆ ಬಿ ಕಿರಣದ ಪರಿಚಯವೇ ಇರುವುದಿಲ್ಲ, ತಡೆಯುವ ಸಂಯುಕ್ತಗಳೂ ಕಡಿಮೆ. ಮಾಳಿಗೆಯ ಬಿಸಿಲಿಗೆ ಒಮ್ಮೆಲೇ ಇಟ್ಟರೆ ಒಂದೇ ಮಧ್ಯಾಹ್ನದಲ್ಲಿ ಎಲೆಯ ನಡುವೆ ಬೆಳ್ಳಗೆ, ಒಣಗಿದ ಈರುಳ್ಳಿ ಸಿಪ್ಪೆಯಂಥ ಕಲೆ ಮೂಡುತ್ತದೆ. ಅದು ಮತ್ತೆ ಹಸಿರಾಗುವುದಿಲ್ಲ. ರೋಗವೆಂದು ಔಷಧಿ ಹೊಡೆಯಬೇಡಿ.

ಮೊದಲ ಎರಡು ದಿನ ಗೋಡೆಯ ನೆರಳಿನಲ್ಲಿ, ಆಕಾಶ ಕಾಣುವ ಕಡೆ ಇಡಿ. ಮೂರನೆಯ ದಿನ ಬೆಳಿಗ್ಗೆ ಎಂಟರೊಳಗಿನ ಅರ್ಧ ಗಂಟೆ ಬಿಸಿಲು. ಆಮೇಲೆ ದಿನಕ್ಕೆ ಅರ್ಧ ಗಂಟೆಯಂತೆ ಹೆಚ್ಚಿಸುತ್ತಾ ಹತ್ತು ದಿನ ತೆಗೆದುಕೊಳ್ಳಿ. ನೆರಳು ಪರದೆ ಕಟ್ಟುವುದಾದರೆ ಕಪ್ಪಿನದು ಎಲ್ಲ ಬೆಳಕನ್ನೂ ಸಮನಾಗಿ ಇಳಿಸುತ್ತದೆ. ಹಸಿರಿನದು ಕೆಂಪನ್ನು ಹೆಚ್ಚು ತಡೆಯುವುದರಿಂದ ಸಸಿಗಳಿಗೆ ನಾನು ಕಪ್ಪನ್ನೇ ಆರಿಸುತ್ತೇನೆ. ಮಾರ್ಚ್‌ನಿಂದ ಮೇವರೆಗೆ ಈ ಕೆಲಸಕ್ಕೆ ಕೈ ಹಾಕಬೇಡಿ. ಮೃಗಶಿರಾ ಮಳೆ ಬಿದ್ದು ಮೋಡ ಕಟ್ಟಿದ ದಿನಗಳಲ್ಲಿ, ಇಲ್ಲವೇ ದಸರೆ ಕಳೆದ ಮೇಲೆ ಶುರುಮಾಡಿ. ಹೊರಗೆ ಬಂದ ಮೇಲೆ ಚಿಗುರಿದ ಎಲೆಗಳು ಚಿಕ್ಕದಾಗಿ, ದಪ್ಪವಾಗಿ, ಅಂಚಿನಲ್ಲಿ ಸ್ವಲ್ಪ ಕೆಂಪಾಗಿ ಬರುತ್ತವೆ. ಅವು ನಾಲ್ಕಾರು ಬಂದ ಮೇಲೆ ಕೆಳಗಿನ ಹಳೆಯ ಎಲೆಗಳನ್ನು ಚಿವುಟಿ ತೆಗೆಯಬಹುದು.